ಪಾದರಸ ಬಿದ್ದಾಗ ಸ್ಪಿರುಲಿನಾದ ನೀಲಿ ಏನಾಗುತ್ತದೆ?

ಸ್ಪಿರುಲಿನಾ ಅನ್ನುವ ನೀಲಿ-ಹಸಿರು ಪಾಚಿಯಿಂದ ತೆಗೆದ ಫೈಕೋಸಯನಿನ್ ಎಂಬ ನೀಲಿ ಪ್ರೋಟೀನಿನ ದ್ರಾವಣವನ್ನು ಕತ್ತಲೆ ಕೋಣೆಯಲ್ಲಿಟ್ಟು, ಜೋರಾದ ಬಿಳಿ ಟಾರ್ಚ್ ಬಿಟ್ಟು ಪಕ್ಕದಿಂದ ನೋಡಿ. ಬೆಳಕಿಗೆ ಅಡ್ಡ ಹಿಡಿದಾಗ ಅಚ್ಚ ನೀಲಿ ಕಂಡದ್ದು ಪಕ್ಕದಿಂದ ಕೆಂಪಗೆ ಹೊಳೆಯುತ್ತದೆ. ಹೀರಿದ ಬೆಳಕನ್ನು ಬೇರೆ ಬಣ್ಣದಲ್ಲಿ ಹೊರಬಿಡುವ ಇದೇ ಫ್ಲೂರೆಸೆನ್ಸ್. ಪಾದರಸದ ಲವಣ ಚೂರು ಸೇರಿಸಿದರೂ ಮೊದಲು ಮಂಕಾಗುವುದು ಈ ಕೆಂಪು. ಕಣ್ಣಿಗೆ ನೀಲಿ ಆಗಲೂ ಹಾಗೇ ಇರುತ್ತದೆ.

ನಾನು ಬೆಂಗಳೂರಿನ ಒಂದು ಕಾಲೇಜಿನ ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ ಎಂ.ಎಸ್ಸಿ. ಪ್ರಾಜೆಕ್ಟ್‌ಗಳನ್ನು ನೋಡಿಕೊಳ್ಳುತ್ತೇನೆ. "ಮೇಡಂ, ಬೆಳ್ಳಂದೂರು ಕೆರೆ ನೀರಲ್ಲಿ ಲೋಹ ಇದೆಯಾ ಅಂತ ಇದರಲ್ಲೇ ಹೇಳಬಹುದಾ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ನಾನು ಅವರನ್ನು ಮೊದಲು ಕೂರಿಸುವುದು ಬಫರ್ ಮುಂದೆ, ಅಂದರೆ ಪಿಎಚ್ ಏರುಪೇರಾಗದಂತೆ ಕಾಯುವ ದ್ರಾವಣದ ಮುಂದೆ. ನಾವು ಹಾಕಿದ ಲೋಹವೆಲ್ಲ ಪ್ರೋಟೀನಿಗೆ ತಲುಪುತ್ತದೆ ಅನ್ನುವ ಖಾತ್ರಿ ಇಲ್ಲ.

ಬಣ್ಣ ತೆಗೆಯುವುದು ಕಷ್ಟವಲ್ಲ. ಒಣಪುಡಿಯನ್ನು ಪಿಎಚ್ 7ರ ಫಾಸ್ಫೇಟ್ ಬಫರಿನಲ್ಲಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ನೆನೆಸಿದರೆ ನೀಲಿ ತಾನಾಗಿ ಬಿಡುತ್ತದೆ. ಸೆಂಟ್ರಿಫ್ಯೂಜ್ ಮಾಡಿ, ಅಮೋನಿಯಂ ಸಲ್ಫೇಟ್ ಹಾಕಿ ಪ್ರೋಟೀನನ್ನು ಕೆಳಗಿಳಿಸಿ, ಡಯಾಲಿಸಿಸ್‌ಗೆ ಇಡುತ್ತೇನೆ, ಅಂದರೆ ಸಣ್ಣ ರಂಧ್ರಗಳ ಚೀಲಕ್ಕೆ ತುಂಬಿ ಬಫರಿನಲ್ಲಿ ಮುಳುಗಿಸಿ, ಉಪ್ಪು ಹೊರಹೋಗಲು ಬಿಡುತ್ತೇನೆ. 620 ನ್ಯಾನೊಮೀಟರಿನ ಬೆಳಕನ್ನು ದ್ರಾವಣ ಎಷ್ಟು ಹೀರುತ್ತದೆ ಅನ್ನುವ ರೀಡಿಂಗನ್ನು (ಅಬ್ಸಾರ್ಬೆನ್ಸ್) 280ರದ್ದರಿಂದ ಭಾಗಿಸಿದರೆ ಶುದ್ಧತೆ ಗೊತ್ತಾಗುತ್ತದೆ. 0.7 ಅಂದರೆ ಆಹಾರಕ್ಕೆ ಸಲ್ಲುವ ಮಟ್ಟ. ಲೋಹದ ಕೆಲಸಕ್ಕೆ ಅಷ್ಟು ಸಾಲದು, ಜೊತೆಗಿರುವ ಬೇರೆ ಪ್ರೋಟೀನುಗಳೂ ಲೋಹವನ್ನು ಹಿಡಿದುಕೊಳ್ಳುತ್ತವೆ. ಪ್ರೋಟೀನುಗಳನ್ನು ಬೇರ್ಪಡಿಸುವ ಕಾಲಮ್ಮಿನಲ್ಲಿ ಹಾಯಿಸಿ 3ರ ಮೇಲೆ ತಂದುಕೊಂಡೇ ಮುಂದಕ್ಕೆ ಹೋಗುತ್ತೇನೆ. ಟ್ಯೂಬ್‌ಲೈಟಿನ ಕೆಳಗೆ ಬಿಟ್ಟರೆ ಬಣ್ಣ ಕುಂದುತ್ತದೆ, ಅದಕ್ಕೇ ಬಾಟಲಿಗೆ ಫಾಯಿಲ್ ಸುತ್ತಿರಬೇಕು.

ಇನ್ನು ಬಫರ್. ಫಾಸ್ಫೇಟ್ ಇದ್ದಲ್ಲಿ ಸೀಸ ಹಾಕಿದರೆ ಅದು ಸೀಸದ ಫಾಸ್ಫೇಟ್ ಆಗಿ ತಳಕ್ಕೆ ಕೂರುತ್ತದೆ. ಫ್ಲೂರೆಸೆನ್ಸ್ ಇಳಿಯುವುದಿಲ್ಲ. ಸೀಸ ಏನೂ ಮಾಡುವುದಿಲ್ಲ ಅಂತ ಬರೆದುಬಿಡುವುದು ಎಷ್ಟು ಸುಲಭ, ಅಲ್ವಾ? ಸಲ್ಫೇಟ್ ಉಳಿದಿದ್ದರೂ ಅದೇ ಕಥೆ. ಅಮೋನಿಯಾ ಉಳಿದಿದ್ದರೆ ತಾಮ್ರವನ್ನು ಕಟ್ಟಿಹಾಕುತ್ತದೆ, ಉಪ್ಪಿನ ಕ್ಲೋರೈಡು ಪಾದರಸವನ್ನು. ಅದಕ್ಕೇ ಡಯಾಲಿಸಿಸ್ ಕೊನೆಯಲ್ಲಿ ಲೋಹವನ್ನು ಅಷ್ಟಾಗಿ ಹಿಡಿಯದ ಹೆಪೀಸ್ ಬಫರಿಗೆ ಬದಲಾಯಿಸುತ್ತೇನೆ. ಚೀಲದ ಹೊರಗಿನ ಬಫರಿನಲ್ಲಿ ಒಂದಿಷ್ಟು ತೆಗೆದು, ಸ್ವಲ್ಪ ಹೈಡ್ರೋಕ್ಲೋರಿಕ್ ಆಮ್ಲದ ಜೊತೆ ಒಂದು ಹನಿ ಬೇರಿಯಂ ಕ್ಲೋರೈಡ್ ಬಿಡುತ್ತೇನೆ. ಬೆಳ್ಳಗಾದರೆ ಸಲ್ಫೇಟ್ ಇನ್ನೂ ಇದೆ ಅಂತ ಅರ್ಥ, ಮತ್ತೆ ಬಫರ್ ಬದಲಾಯಿಸಬೇಕು. ತಿಳಿಯಾಗಿಯೇ ಉಳಿದರೆ ಮುಂದೆ. ಗಾಜಿನ ಸಾಮಾನೆಲ್ಲ ತೆಳು ನೈಟ್ರಿಕ್ ಆಮ್ಲದಲ್ಲಿ ರಾತ್ರಿ ನೆನೆದಿರಬೇಕು. ಬೋರ್‌ವೆಲ್ ನೀರಲ್ಲಿ ತೊಳೆದು ಒಣಗಿಸಿದ ಟ್ಯೂಬನ್ನು ನಾನು ಮುಟ್ಟುವುದಿಲ್ಲ.

ಲೋಹ ಕೂರುವುದಾದರೂ ಎಲ್ಲಿ? ಫೈಕೋಸಯನಿನ್ನಿನ ನೀಲಿಗೆ ಕಾರಣ ಬಿಲಿನ್ ಅನ್ನುವ ಅಣು. ನಾಲ್ಕು ಪೈರೋಲ್ ಉಂಗುರಗಳ ತೆರೆದ ಸರಪಳಿ ಅದು, ನಮ್ಮ ಪಿತ್ತದ ಬಣ್ಣದ ಹತ್ತಿರದ ಸಂಬಂಧಿ. ಸಿಸ್ಟೀನ್ ಅನ್ನುವ ಅಮೈನೊ ಆಮ್ಲದ ಗಂಧಕದ ಮೂಲಕ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಉಂಗುರಗಳ ಸಾರಜನಕ ಲೋಹವನ್ನು ಹಿಡಿಯಬಲ್ಲದು. ಇದಲ್ಲದೆ ಪ್ರೋಟೀನಿನ ಎರಡು ಬಗೆಯ ಸರಪಳಿಗಳಲ್ಲಿ ಒಂದಾದ ಬೀಟಾ ಸರಪಳಿಯಲ್ಲಿ ಬಿಲಿನ್ ಅಂಟದ ಸಿಸ್ಟೀನ್ ಒಂದು ಖಾಲಿ ಇರುತ್ತದೆ. ಪಾದರಸಕ್ಕೆ ಗಂಧಕ ಕಂಡರೆ ಬಲು ಪ್ರೀತಿ. ಹಾಗಾಗಿ ಮೈಕ್ರೋಮೋಲಾರ್‌ನಷ್ಟು ಕಡಿಮೆ ಮಟ್ಟದಲ್ಲೇ ಅದರ ಪರಿಣಾಮ ಕಾಣುತ್ತದೆ. ನಾನು ನೋಡಿದಂತೆ ಹೊಳಪನ್ನು ತಗ್ಗಿಸುವುದರಲ್ಲಿ ಪಾದರಸದ ನಂತರ ತಾಮ್ರ. ಸೀಸ, ಕ್ಯಾಡ್ಮಿಯಂ ಅಷ್ಟು ಜೋರಿಲ್ಲ. ಸತುವಿನದ್ದು ಬೇರೆಯೇ ಸ್ವಭಾವ. ಪ್ರೋಟೀನುಗಳನ್ನು ಜೆಲ್ಲಿನಲ್ಲಿ ಓಡಿಸಿ ಬೇರ್ಪಡಿಸಿದ ಮೇಲೆ ಆ ಜೆಲ್ಲನ್ನು ಸತುವಿನ ಅಸಿಟೇಟಿನಲ್ಲಿ ನೆನೆಸಿ ಯುವಿ ಕೆಳಗಿಟ್ಟರೆ, ಬಿಲಿನ್ ಇರುವ ಪಟ್ಟಿಗಳು ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತವೆ. ಒಂದು ಲೋಹ ಹೊಳಪನ್ನು ಆರಿಸುತ್ತದೆ, ಇನ್ನೊಂದು ಹೊತ್ತಿಸುತ್ತದೆ! ಇದನ್ನು ತೋರಿಸುವಾಗ ನನಗೆ ಈಗಲೂ ಖುಷಿಯಾಗುತ್ತದೆ.

ಹೊಳಪು ಇಳಿದ ಮಾತ್ರಕ್ಕೆ ಪ್ರೋಟೀನ್ ಕೆಟ್ಟಿದೆ ಅನ್ನಬಾರದು. ಇಡೀ ಸ್ಪೆಕ್ಟ್ರಮ್, ಅಂದರೆ ಬೇರೆ ಬೇರೆ ತರಂಗಗಳ ಅಬ್ಸಾರ್ಬೆನ್ಸ್, ತೆಗೆಯಿರಿ. 620ರ ಶಿಖರ ಕುಸಿದು, ಅದಕ್ಕೆ ಹೋಲಿಸಿದರೆ 360ರ ಸುತ್ತಲಿನದ್ದು ಜಾಸ್ತಿ ಕಂಡರೆ, ಚಾಚಿಕೊಂಡಿದ್ದ ಬಿಲಿನ್ ಸುರುಳಿ ಸುತ್ತಿಕೊಂಡಿದೆ, ಅಂದರೆ ಪ್ರೋಟೀನಿನ ಮಡಿಕೆ ಬಿಚ್ಚಿದೆ. 750ರಲ್ಲೂ ರೀಡಿಂಗ್ ಏರಿದರೆ ಪ್ರೋಟೀನ್ ಗಟ್ಟಿಕಟ್ಟುತ್ತಿದೆ. ಎರಡೂ ಇಲ್ಲದೆ ಬರೀ ಫ್ಲೂರೆಸೆನ್ಸ್ ಇಳಿದರೆ ಅದು ಲೋಹ ಅಂಟಿದ ಪರಿಣಾಮ ಇರಬಹುದು. ಆಗ ಲೋಹವನ್ನು ಪ್ರೋಟೀನಿನಿಂದ ಕಿತ್ತುಕೊಳ್ಳಲು ತಾಮ್ರಕ್ಕೆ ಇಡಿಟಿಎ, ಪಾದರಸಕ್ಕೆ ಸಿಸ್ಟೀನ್ ಹಾಕಿ ಹೊಳಪು ವಾಪಸ್ ಬರುತ್ತದಾ ನೋಡುತ್ತೇನೆ. ತಕ್ಷಣ ಒಮ್ಮೆ, ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ. ಹೊತ್ತು ಕಳೆದಷ್ಟೂ ವಾಪಸ್ ಬರುವುದು ಕಡಿಮೆಯಾದರೆ ಹಾನಿ ಶುರುವಾಗಿದೆ. ಅಂದಹಾಗೆ, ಫ್ಲೂರೆಸೆನ್ಸ್ ಅಳೆಯುವಾಗ ದ್ರಾವಣ ತೆಳುವಾಗಿರಬೇಕು. ಬೆಳಕು ಬಿಡುವ ತರಂಗದಲ್ಲಿ ಅಬ್ಸಾರ್ಬೆನ್ಸ್ 0.1ರ ಒಳಗಿದ್ದರೆ ಒಳ್ಳೆಯದು, ಇಲ್ಲದಿದ್ದರೆ ದ್ರಾವಣವೇ ಬೆಳಕನ್ನು ನುಂಗುತ್ತದೆ.

ಕೆರೆ ನೀರಿನ ವಿಷಯ. ಬೆಳ್ಳಂದೂರಿನ ನೀರನ್ನು ನೇರವಾಗಿ ಹಾಕಿ ಪಾದರಸ ಇಷ್ಟು ಅಂತ ಹೇಳಲು ಬರುವುದಿಲ್ಲ. ಅದರಲ್ಲಿರುವ ಸಾವಯವ ಕೊಳೆ, ಕ್ಲೋರೈಡ್, ಫಾಸ್ಫೇಟ್ ಲೋಹವನ್ನು ಹಿಡಿದಿಟ್ಟಿರುತ್ತವೆ. ನೀರಿನಲ್ಲಿ ನೀಲಿ-ಹಸಿರು ಪಾಚಿ ಇದ್ದರೆ ಅದರದ್ದೇ ಫೈಕೋಸಯನಿನ್ ಸಹ ಹೊಳೆಯುತ್ತದೆ. ಸೋಸಿದ ಅದೇ ನೀರಿಗೆ ಗೊತ್ತಿರುವಷ್ಟು ಲೋಹ ಸೇರಿಸುತ್ತಾ ಹೋಗಿ, ಇಳಿಕೆ ಹೇಗಿದೆ ಅಂತ ಶುದ್ಧ ಬಫರಿನ ಗೆರೆಯ ಪಕ್ಕ ಇಟ್ಟು ನೋಡಿಸುತ್ತೇನೆ. ಎರಡು ಗೆರೆಗಳ ನಡುವಿನ ಅಂತರದಿಂದ, ಆ ನೀರು ಎಷ್ಟು ಲೋಹವನ್ನು ಕಟ್ಟಿಹಾಕಬಲ್ಲದು ಅನ್ನುವ ಅಂದಾಜು ಸಿಗುತ್ತದೆ. ಪಾದರಸ ನಿಜವಾಗಿ ಎಷ್ಟಿದೆ ಎಂದು ತಿಳಿಯಲು ಅಟಾಮಿಕ್ ಅಬ್ಸಾರ್ಪ್ಷನ್‌ನಂಥ ಯಂತ್ರವೇ ಬೇಕು.

ಕೆಲಸ ಮುಗಿದ ಮೇಲೆ ಪಾದರಸ ಬಿದ್ದ ಒಂದು ಹನಿಯನ್ನೂ ನಾನು ಸಿಂಕಿಗೆ ಬಿಡುವುದಿಲ್ಲ. ನಗರದ ಈ ಕಡೆಯ ಕೊಳಚೆ ಸೇರುವುದು ವೃಷಭಾವತಿ ನದಿಗೆ. ಬೇರೆ ಬಾಟಲಿ, ದೊಡ್ಡ ಅಕ್ಷರದಲ್ಲಿ ಚೀಟಿ, ಪಿಪೆಟ್ ಟಿಪ್ಪುಗಳು, ಗ್ಲೌಸ್ ಎಲ್ಲ ಅದರ ಜೊತೆಗಿಡುವ ಡಬ್ಬಿಗೆ. ತುಂಬಿದ ಮೇಲೆ ಅಪಾಯಕಾರಿ ತ್ಯಾಜ್ಯ ಒಯ್ಯುವವರಿಗೆ ಕೊಡುತ್ತೇವೆ.