ದುಬೈಯಲ್ಲಿ ತಾಳಮದ್ದಳೆ ಇಡುವ ಮುನ್ನ

ಕಾಸರಗೋಡು ಕಡೆಯ ಕುಂಬಳೆ, ಬದಿಯಡ್ಕ, ಮಂಜೇಶ್ವರದಿಂದ ಕೊಲ್ಲಿಗೆ ಹೊರಟವರ ಪೆಟ್ಟಿಗೆಯಲ್ಲಿ ಹಲಸಿನ ಹಪ್ಪಳದ ಜೊತೆ ಒಂದು ಜೊತೆ ತಾಳವೂ ಇರುತ್ತದೆ. ತಾಳಮದ್ದಳೆ ಎಂದರೆ ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ಕಥೆ ನಡೆಸುವ ಯಕ್ಷಗಾನ. ಹದಿನಾಲ್ಕು ವರ್ಷ ದುಬೈಯಲ್ಲಿದ್ದು ಊರಿಗೆ ಮರಳಿದ ನನ್ನನ್ನು ಹುಡುಗರು ಕೇಳುತ್ತಾರೆ, "ಅಣ್ಣ, ಅಲ್ಲಿ ತಾಳಮದ್ದಳೆ ಕೂಟ ಮಾಡಬಹುದಾ?" ಖಂಡಿತ ಮಾಡಬಹುದು. ನಾವೇ ಎಷ್ಟೋ ಮಾಡಿದ್ದೇವೆ. ಕ್ರಮ ಮಾತ್ರ ಬೇರೆ.

ಊರಲ್ಲಿ ಮೈಕ್‌ಗೆ ಪೊಲೀಸರ ಅನುಮತಿ ಬೇಕು. ರಾತ್ರಿ 10ರ ನಂತರ ಧ್ವನಿವರ್ಧಕ ಬೇಡ ಎಂಬ ನಿಯಮ 2000ದಿಂದ ಇದೆ. ಆದರೆ ಅರ್ಥಧಾರಿ, ಅಂದರೆ ಪಾತ್ರವಾಗಿ ಮಾತು ನಡೆಸುವವರು, ಏನು ಮಾತಾಡುತ್ತಾರೆ ಎಂದು ನಮ್ಮನ್ನು ಯಾರೂ ಮೊದಲೇ ಕೇಳಿದ್ದಿಲ್ಲ. ಕೇಳಿದರೂ ಹೇಳುವುದು ಹೇಗೆ? ತಾಳಮದ್ದಳೆಯ ಮಾತು ಹುಟ್ಟುವುದೇ ಆ ಹೊತ್ತಿಗೆ, ಎದುರಿಗೆ ಕೂತವರ ಮಾತಿಗೆ ತಕ್ಕ ಹಾಗೆ.

ಯುಎಇ ಸಂವಿಧಾನದ 30ನೇ ವಿಧಿಯಲ್ಲೂ ಅಭಿಪ್ರಾಯ ಸ್ವಾತಂತ್ರ್ಯ ಇದೆ, "ಕಾನೂನಿನ ಮಿತಿಯೊಳಗೆ". ಆ ಮಿತಿ ನಮ್ಮ ಊರಿಗಿಂತ ತುಂಬಾ ಬಿಗಿ. ಧರ್ಮ, ಆಳುವವರು, ದೇಶದ ಮರ್ಯಾದೆ ಇವುಗಳನ್ನು ತಮಾಷೆಗೂ ಮುಟ್ಟಬೇಡಿ. ಹಾಸ್ಯದ ಪಾತ್ರ ಮಾಡುವವರಿಗೆ ಇದನ್ನು ಎರಡು ಸಲ ಹೇಳಿ. ಊರಲ್ಲಿ ಚಪ್ಪಾಳೆ ಬೀಳುವ ರಾಜಕೀಯದ ಮಾತು ಅಲ್ಲಿ ಕೆಲಸವನ್ನೂ ವೀಸಾವನ್ನೂ ಕಳೆದೀತು.

ಸಾರ್ವಜನಿಕ ಕಾರ್ಯಕ್ರಮಕ್ಕೆ ಅನುಮತಿ ಬೇಕೇ ಬೇಕು. ದುಬೈಯಲ್ಲಿ ಆರ್ಥಿಕತೆ ಮತ್ತು ಪ್ರವಾಸೋದ್ಯಮ ಇಲಾಖೆ, ಅಬುಧಾಬಿಯಲ್ಲಿ ಸಂಸ್ಕೃತಿ ಮತ್ತು ಪ್ರವಾಸೋದ್ಯಮ ಇಲಾಖೆ ಕೊಡುತ್ತದೆ. ಹೊಸಬರು ತಾವೇ ಓಡಾಡುವುದಕ್ಕಿಂತ ನೋಂದಣಿಯಾದ ಭಾರತೀಯ ಸಂಘದ ಮೂಲಕ ಹೋಗುವುದೇ ಒಳ್ಳೆಯದು. ಪ್ರಸಂಗದ ಕಥೆಯನ್ನು ಒಂದು ಪುಟದಲ್ಲಿ ಇಂಗ್ಲಿಷ್‌ನಲ್ಲಿ ಬರೆದಿಟ್ಟುಕೊಳ್ಳಿ. ಒಮ್ಮೆ ನಾವು ಅನುಮತಿ ಕೈಗೆ ಬರುವ ಮೊದಲೇ ಆಮಂತ್ರಣ ಹಂಚಿಬಿಟ್ಟೆವು. ಊರಿಂದ ಹಾಡುವ ಭಾಗವತರು ಬಂದಿಳಿದಿದ್ದರು. ಹಾಲ್‌ನವರು ಬಾಗಿಲು ತೆರೆಯಲಿಲ್ಲ. ಭಾಗವತರಿಗೆ ಅದನ್ನು ಹೇಳುವಾಗ ನನಗೆ ತಲೆ ಎತ್ತಲು ಆಗಲಿಲ್ಲ.

ಮೊಬೈಲ್ ವಿಷಯದಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು. 2021ರ ಸೈಬರ್ ಕಾನೂನಿನ ಪ್ರಕಾರ ಒಪ್ಪಿಗೆ ಇಲ್ಲದೆ ಒಬ್ಬರ ಫೋಟೊ ತೆಗೆಯುವುದು, ಮಾತು ರೆಕಾರ್ಡ್ ಮಾಡುವುದು, ಹಂಚುವುದು ಅಪರಾಧವಾಗಬಹುದು. ದಂಡ ಒಂದೂವರೆ ಲಕ್ಷ ದಿರಮ್‌ನಿಂದ ಶುರು, ಜೈಲೂ ಇದೆ. ನಮ್ಮ ಕೂಟದ ವಿಡಿಯೊದಲ್ಲಿ ಮುಂದಿನ ಸಾಲಿನ ಹೆಂಗಸೊಬ್ಬರು ಕಾಣಿಸಿದ್ದರು. ಅವರು ಬೇಡ ಅಂದರು, ಆ ರಾತ್ರಿಯೇ ತೆಗೆದೆವು. ಆಮೇಲೆ ಕ್ಯಾಮೆರಾ ವೇದಿಕೆ ಬಿಟ್ಟು ಆಚೆ ತಿರುಗಲಿಲ್ಲ. ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆಂದು ವಾಟ್ಸಾಪ್‌ನಲ್ಲಿ ದುಡ್ಡು ಕೇಳುವುದೂ ಅಲ್ಲಿ ಅನುಮತಿ ಇಲ್ಲದೆ ಆಗದು.

ಇಷ್ಟೆಲ್ಲ ಬಾಯಿ ಕಟ್ಟುವುದು ಸರಿ ಎಂದು ನಾನು ಹೇಳುತ್ತಿಲ್ಲ. ನಾನು ಬೆಳೆದದ್ದು ಕೇರಳದ ಮಣ್ಣಿನಲ್ಲಿ. ಇಲ್ಲಿನ ಶಾಲೆಯೊಂದು 1985ರಲ್ಲಿ ಮೂವರು ಮಕ್ಕಳನ್ನು ಹೊರಹಾಕಿತ್ತು. ರಾಷ್ಟ್ರಗೀತೆ ಹಾಡುವಾಗ ಅವರು ಗೌರವದಿಂದ ಎದ್ದು ನಿಂತಿದ್ದರು, ಹಾಡಿರಲಿಲ್ಲ, ಅಷ್ಟೇ. ಅವರ ಧರ್ಮಶ್ರದ್ಧೆ ಅದಕ್ಕೆ ಒಪ್ಪುತ್ತಿರಲಿಲ್ಲ. ಮರುವರ್ಷ ಸುಪ್ರೀಂ ಕೋರ್ಟ್ ಮಕ್ಕಳ ಪರ ನಿಂತಿತು. ಸುಮ್ಮನಿರುವ ಹಕ್ಕೂ ಮಾತಿನ ಸ್ವಾತಂತ್ರ್ಯದಲ್ಲಿ ಸೇರಿದೆ ಎಂದಿತು. ಅದನ್ನು ಓದಿ ಬೆಳೆದವನಿಗೆ ಅರ್ಥಧಾರಿಯ ಮಾತಿಗೆ ಮೊದಲೇ ಗೆರೆ ಹಾಕುವುದು ನೋವಿನ ಕೆಲಸವೇ. ಆದರೆ ತಪ್ಪಾದರೆ ಬೆಲೆ ತೆರುವವನು ವೇದಿಕೆಯ ಮೇಲೆ ಕೂತ ನಮ್ಮ ಹುಡುಗ, ಅಲ್ವಾ? ಹಾಗಾಗಿ ಕೂಟದ ಮುಂಚೆ ಎಲ್ಲರನ್ನೂ ಕೂರಿಸಿ ಮಾತಾಡಿ.

ದಿನ ಗೊತ್ತು ಮಾಡುವಾಗ ರಂಜಾನ್ ತಿಂಗಳು ಬಿಡಿ. 2022ರ ಮೇ 13ರಂದು ಅಲ್ಲಿನ ಅಧ್ಯಕ್ಷರು ತೀರಿಕೊಂಡಾಗ 40 ದಿನ ಶೋಕ ಘೋಷಿಸಿದ್ದರು, ಹಲವು ಸಂಗೀತ ಕಾರ್ಯಕ್ರಮಗಳು ಮುಂದೆ ಹೋದವು. ಅಂಥದ್ದು ಬಂದರೆ ಮುಂಗಡ ವಾಪಸ್ ಸಿಗುತ್ತದಾ ಎಂದು ಹಾಲ್‌ನವರಲ್ಲಿ ಕೇಳಿ, ಬರೆಸಿಕೊಳ್ಳಿ.