ಒನ್ಸೆನ್ ಹೋಟೆಲಿನಲ್ಲಿ ಒಂದು ರಾತ್ರಿ: ನೀರಿಗಿಳಿಯುವ ಮುಂಚೆ

ಜಪಾನಿನ ಗುನ್ಮಾ ಪ್ರಾಂತ್ಯದ ಶಿಮಾ ಊರಿನಲ್ಲಿ ಸೆಕಿಜೆನ್‌ಕಾನ್ ಎಂಬ ಹೋಟೆಲಿದೆ. ಅದರ ಹಳೇ ಕಟ್ಟಡ 1691ರದ್ದು. ಇಂಥ ಬಿಸಿನೀರಿನ ಬುಗ್ಗೆಯ ಹೋಟೆಲಿಗೆ, ಅಂದರೆ ಒನ್ಸೆನ್ ರ್ಯೋಕಾನ್‌ಗೆ, ಹೊರಟಿದ್ದೀರಾ? ಮೊದಲು ಊಟದ ವಿಷಯ ಮಾತಾಡಿಕೊಳ್ಳಿ.

ಸಾಮಾನ್ಯವಾಗಿ ಬಾಡಿಗೆಯಲ್ಲೇ ರಾತ್ರಿಯೂಟ, ಬೆಳಗಿನ ತಿಂಡಿ ಸೇರಿರುತ್ತದೆ. ‘ಸಸ್ಯಾಹಾರಿ’ ಅಂತಷ್ಟೇ ಬರೆದರೆ ಸಾಲದು. ಅಲ್ಲಿನ ಸಾರು, ಬೇಯಿಸಿದ ತರಕಾರಿಗೂ ‘ದಾಶಿ’ ಎಂಬ ರಸ ಬೀಳುತ್ತದೆ. ಅದನ್ನು ಹೆಚ್ಚಾಗಿ ಒಣಮೀನಿನಿಂದಲೇ ತೆಗೆಯುತ್ತಾರೆ. ‘ಮೀನಿನ ದಾಶಿಯೂ ಬೇಡ’ ಎಂದು ರೂಮು ಬುಕ್ ಮಾಡುವಾಗಲೇ ತಿಳಿಸಿ, ಉತ್ತರ ಬರುವವರೆಗೆ ಕಾಯಿರಿ. ಆಗಲ್ಲ ಅಂದರೆ ಊಟ ಬಿಟ್ಟು ಬರೀ ರೂಮು ಸಿಗುತ್ತದಾ ಕೇಳಿ.

ಊಟ ಸಂಜೆ 6–7ಕ್ಕೇ ಶುರು. ಹಾಗಾಗಿ 3–4 ಗಂಟೆಗೆ ತಲುಪಿಬಿಡಿ. ಶೂ ಬಾಗಿಲಲ್ಲೇ ಬಿಡಬೇಕು. ತತಾಮಿ ಚಾಪೆಯ ಮೇಲೆ ಸ್ಲಿಪ್ಪರ್ ಕೂಡ ಹಾಕುವಂತಿಲ್ಲ. ಕೋಣೆಯಲ್ಲಿ ಇಟ್ಟಿರುವ ಯುಕಾತಾ, ಅಂದರೆ ತೆಳು ನಿಲುವಂಗಿ, ಉಡುವಾಗ ಎಡಗಡೆಯ ಅಂಚು ಮೇಲೆ ಬರಲಿ. ಬಲಗಡೆಯದು ಮೇಲೆ ಬರುವಂತೆ ಉಡಿಸುವುದು ಹೆಣಕ್ಕೆ.

ಇನ್ನು ಸ್ನಾನ. ಬಟ್ಟೆ ಪೂರ್ತಿ ತೆಗೆಯಬೇಕು, ಈಜುಡುಗೆಯೂ ಇಲ್ಲ. ಮುಜುಗರ ಆಗುತ್ತದೆ, ಸಹಜ. ಆದರೆ ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ತೊಟ್ಟಿ ಇರುವುದೇ ಹೆಚ್ಚು, ಅಲ್ಲಿ ಯಾರೂ ಯಾರನ್ನೂ ನೋಡುತ್ತಾ ಕೂರುವುದಿಲ್ಲ. ಗೋಡೆ ಪಕ್ಕ ಪುಟ್ಟ ಮಣೆ, ಬಕೆಟ್, ನಲ್ಲಿ ಇರುತ್ತವೆ. ನಮ್ಮ ಹಳೇ ಬಚ್ಚಲುಮನೆಯಲ್ಲಿ ಮಣೆ ಮೇಲೆ ಕೂತು ಮೈಗೆ ನೀರು ಹೊಯ್ದುಕೊಂಡ ಹಾಗೇ ಇದು. ಸೋಪು ಹಚ್ಚಿ ಚೆನ್ನಾಗಿ ತೊಳೆದು, ಒಂದು ಚೂರೂ ನೊರೆ ಉಳಿಯದ ಹಾಗೆ ನೋಡಿಕೊಳ್ಳಿ. ತೊಟ್ಟಿ ಇರುವುದು ಮೈ ತೊಳೆಯಲು ಅಲ್ಲ, ಮೈ ಕಾಯಿಸಿಕೊಳ್ಳಲು. ಅದೇ ನೀರಿಗೆ ನಿಮ್ಮ ಹಿಂದೆ ಇನ್ನೊಬ್ಬರು ಇಳಿಯುತ್ತಾರೆ, ಅಲ್ವಾ? ಉದ್ದ ಕೂದಲಿದ್ದರೆ ಮೇಲೆತ್ತಿ ಕಟ್ಟಿ. ಚಿಕ್ಕ ಟವೆಲ್ ನೀರಿಗೆ ಅದ್ದಬೇಡಿ, ಮಡಚಿ ತಲೆ ಮೇಲಿಡಿ.

ನೀರು 40–42 ಡಿಗ್ರಿ ಇರಬಹುದು. ಮೊದಲ ಸಲಕ್ಕೆ ಐದು ನಿಮಿಷ ಸಾಕು. ತಲೆ ಹಗುರ ಅನ್ನಿಸಿದರೆ ನಿಧಾನಕ್ಕೆ ಎದ್ದು ಬನ್ನಿ. ಕುಡಿದು ಇಳಿಯಲೇಬೇಡಿ. ಹಚ್ಚೆ ಇದ್ದವರನ್ನು ಕೆಲವು ಕಡೆ ಬಿಡುವುದಿಲ್ಲ, ಮೊದಲೇ ವಿಚಾರಿಸಿ.

ನಮ್ಮ ಹೆಂಗಸರಿಗೆ ಒಂದು ಮಾತು. ಕುಸಾತ್ಸು ಎಂಬ ಬಿಸಿನೀರಿನ ಬುಗ್ಗೆಯ ಊರಿನಂಥ ಕಡೆ ನೀರಿನಲ್ಲಿ ಗಂಧಕ ಇರುತ್ತದೆ, ಬೆಳ್ಳಿ ಕಪ್ಪಾಗುತ್ತದೆ. ಕಾಲುಂಗುರ, ಗೆಜ್ಜೆ ಕೋಣೆಯಲ್ಲೇ ಬಿಚ್ಚಿಟ್ಟು ಹೋಗಿ.

ಊಟ ಮುಗಿಸಿ ಬರುವಷ್ಟರಲ್ಲಿ ಎಷ್ಟೋ ಕಡೆ ಹಾಸಿಗೆ ಹಾಸಿರುತ್ತಾರೆ. ಟಿಪ್ಸ್ ಕೊಡುವ ರೂಢಿ ಇಲ್ಲ. ಬೆಳಿಗ್ಗೆ ತಿಂಡಿಗೆ ಮುಂಚೆ ಇನ್ನೊಮ್ಮೆ ನೀರಿಗಿಳಿಯಿರಿ, ನನ್ನ ಪ್ರಕಾರ ಆ ಹೊತ್ತೇ ಚೆಂದ. ಆದರೆ ರಾತ್ರಿ ಹೋದ ಬಾಗಿಲೇ ಅಂತ ಸುಮ್ನೆ ನುಗ್ಗಬೇಡಿ. ಎಷ್ಟೋ ಹೋಟೆಲುಗಳಲ್ಲಿ ರಾತ್ರೋರಾತ್ರಿ ಗಂಡಸರ, ಹೆಂಗಸರ ತೊಟ್ಟಿ ಅದಲುಬದಲು ಮಾಡುತ್ತಾರೆ. ಬಾಗಿಲ ಪರದೆ ನೋಡಿ: ಸಾಮಾನ್ಯವಾಗಿ ಕೆಂಪು ಹೆಂಗಸರಿಗೆ, ನೀಲಿ ಗಂಡಸರಿಗೆ.