ಮೊಬೈಲ್ ಆ್ಯಪ್‌ನಲ್ಲಿ ಮುಖಗಳ ಹೋಲಿಕೆ: ನನ್ನ ಅನುಭವ

ಗುರುತಿನ ಚೀಟಿಯಲ್ಲಿರುವ ಮುಖವೂ ಸೆಲ್ಫಿಯಲ್ಲಿರುವ ಮುಖವೂ ಒಬ್ಬರದೇ ಎಂದು ಪರಿಶೀಲಿಸುವ ಸೌಲಭ್ಯವನ್ನು ನಮ್ಮ ಆ್ಯಂಡ್ರಾಯ್ಡ್ ಆ್ಯಪ್‌ಗೆ ಸೇರಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ಹೋಲಿಕೆಯನ್ನು ಅಮೆಜಾನ್ ರೆಕಗ್ನಿಷನ್ ಎಂಬ ಚಿತ್ರ ಗುರುತಿಸುವ ಕ್ಲೌಡ್ ಸೇವೆಯಲ್ಲಿ ಮುಖಗಳನ್ನು ಹೋಲಿಸುವ ಕಂಪೇರ್‌ಫೇಸಸ್‌ಗೆ ಒಪ್ಪಿಸಿದೆ. ಆ ಕೋಡ್ ಬರೆಯಲು ಅರ್ಧ ದಿನವೂ ಹಿಡಿಯಲಿಲ್ಲ; ಉಳಿದ ದಿನಗಳೆಲ್ಲ ಕಳಿಸುವ ಚಿತ್ರವನ್ನು ಸರಿಪಡಿಸುವುದಕ್ಕೆ ಮತ್ತು ಮುಖಗಳು ಎಷ್ಟು ಹೋಲುತ್ತವೆಂದು ಸೇವೆ ನೂರಕ್ಕೆ ಕೊಡುವ ಅಂಕವನ್ನು ಅರ್ಥಮಾಡಿಕೊಳ್ಳುವುದಕ್ಕೆ ಹೋದವು. ಸೇವೆಯನ್ನು ಬಳಸಲು ಬೇಕಾದ ಗುಪ್ತ ಕೀಯನ್ನು ಆ್ಯಪ್‌ನೊಳಗೆ ಇಟ್ಟರೆ ಎಪಿಕೆ (ಆ್ಯಪ್‌ನ ಕಡತ) ಬಿಚ್ಚಿದವರಿಗೆಲ್ಲ ಅದು ಸಿಗುತ್ತದೆಯಾದ್ದರಿಂದ, ಚಿತ್ರಗಳು ಮೊದಲು ನಮ್ಮ ಸರ್ವರ್‌ಗೆ ಹೋಗಿ ಅಲ್ಲಿಂದ ಮುಂದೆ ಸಾಗುವಂತೆ ಮಾಡಿದೆ.

ಮೊದಲ ಪರೀಕ್ಷೆಯಲ್ಲೇ, ಸ್ಪಷ್ಟವಾಗಿ ಕಾಣುತ್ತಿದ್ದ ಸೆಲ್ಫಿಯಲ್ಲಿ ಮುಖವೇ ಇಲ್ಲವೆಂಬ ಉತ್ತರ ಬಂತು. ಸರ್ವರ್‌ನಲ್ಲಿ ಉಳಿದಿದ್ದ ಕಡತವನ್ನು ತೆರೆದು ನೋಡಿದರೆ ಮುಖ ಅಡ್ಡಲಾಗಿ ಮಲಗಿತ್ತು. ಎಷ್ಟೋ ಫೋನ್‌ಗಳು ಚಿತ್ರವನ್ನು ಅಡ್ಡಲಾಗಿಯೇ ಉಳಿಸಿ, ಎಷ್ಟು ತಿರುಗಿಸಿ ತೋರಿಸಬೇಕೆಂಬುದನ್ನು ಚಿತ್ರದ ಕಡತದೊಳಗೇ ಇರುವ ಎಕ್ಸಿಫ್ ಎಂಬ ಮಾಹಿತಿಯಲ್ಲಿ ಬರೆದಿಡುತ್ತವೆ. ಗ್ಯಾಲರಿ ಅದನ್ನು ಓದಿ ನೆಟ್ಟಗೆ ತೋರಿಸುವುದರಿಂದ ನಮ್ಮ ಕಣ್ಣಿಗೆ ವ್ಯತ್ಯಾಸ ಬೀಳುವುದಿಲ್ಲ. ರೆಕಗ್ನಿಷನ್ ಕೂಡ ಜೆಪೆಗ್‌ನಲ್ಲಿ ಆ ಮಾಹಿತಿ ಇದ್ದರೆ ಬಳಸಿಕೊಳ್ಳುತ್ತದೆ, ಆದರೆ ನೇರವಾಗಿ ಬೈಟ್‌ಗಳಲ್ಲಿ ಕಳಿಸುವ ಚಿತ್ರ 5 ಎಂಬಿ ಮೀರಬಾರದೆಂದು ನಾನು ಗಾತ್ರ ಇಳಿಸುವಾಗ ನನ್ನ ಕೋಡ್ ಅದನ್ನು ಅಳಿಸಿಹಾಕುತ್ತಿತ್ತು. ಈಗ ಎಕ್ಸಿಫ್ ಓದಿ ಚಿತ್ರವನ್ನು ನೆಟ್ಟಗೆ ತಿರುಗಿಸಿದ ಮೇಲಷ್ಟೇ ಗಾತ್ರ ಇಳಿಸುತ್ತೇನೆ.

ಯಾವುದು ಮೂಲ ಚಿತ್ರ (ಯಾರ ಮುಖವನ್ನು ಹುಡುಕಬೇಕೋ ಅದು), ಯಾವುದು ಗುರಿ ಚಿತ್ರ (ಎಲ್ಲಿ ಹುಡುಕಬೇಕೋ ಅದು) ಎಂಬುದೂ ಮುಖ್ಯವೆಂದು ಆಮೇಲೆ ತಿಳಿಯಿತು. ಮೂಲ ಚಿತ್ರದಲ್ಲಿ ಹಲವು ಮುಖಗಳಿದ್ದರೆ ಸೇವೆ ಅತಿ ದೊಡ್ಡದನ್ನು ಮಾತ್ರ ಆರಿಸಿಕೊಂಡು, ಅದನ್ನು ಗುರಿ ಚಿತ್ರದ 100 ಮುಖಗಳವರೆಗೆ ಹೋಲಿಸುತ್ತದೆ. ಸೆಲ್ಫಿಯಲ್ಲಿ ಒಂದೇ ಮುಖವಿದೆ ಎಂಬುದನ್ನು ಗೂಗಲ್‌ನ ಎಂಎಲ್ ಕಿಟ್ ಎಂಬ ಸಾಧನದಿಂದ ಫೋನಿನಲ್ಲಿಯೇ ಖಚಿತಪಡಿಸಿಕೊಂಡು ಅದನ್ನೇ ಮೂಲವಾಗಿಸಿದೆ. ಚೀಟಿಯಲ್ಲಿ ದೊಡ್ಡ ಭಾವಚಿತ್ರದ ಜೊತೆ ಮಸುಕಾದ ಚಿಕ್ಕ ಪ್ರತಿಯೂ ಇದ್ದರೆ, ಎರಡಕ್ಕೂ ಪ್ರತ್ಯೇಕ ಫಲಿತಾಂಶ ಸಿಗುತ್ತದೆ.

ಇನ್ನು ಅಂಕದ ವಿಚಾರ. ನಾವು ಬೇರೆ ಹೇಳದಿದ್ದರೆ ಹೋಲಿಕೆಯ ಕನಿಷ್ಠ ಮಿತಿ 80 ಎಂದಿರುತ್ತದೆ, ಅದಕ್ಕಿಂತ ಕಡಿಮೆ ಹೋಲುವ ಮುಖಗಳು ಹೊಂದಿದವುಗಳ ಪಟ್ಟಿಗೆ ಸೇರುವುದೇ ಇಲ್ಲ. ನಾನು ಪರೀಕ್ಷೆಯ ಹಂತದಲ್ಲಿ ಅದನ್ನು 0ಗೆ ಇಳಿಸಿ, ಒಪ್ಪಿಗೆ ಕೊಟ್ಟ ಗೆಳೆಯರ ಚಿತ್ರಗಳನ್ನು, ವಿಶೇಷವಾಗಿ ಒಡಹುಟ್ಟಿದವರ ಚಿತ್ರಗಳನ್ನು, ಅದಲುಬದಲು ಮಾಡಿ ಹೋಲಿಸಿ ನೋಡಿದೆ. ಇದನ್ನು ಮಾಡದೆ ಮಿತಿಯನ್ನು ನಿರ್ಧರಿಸುವುದು ತಪ್ಪೆಂದೇ ನನ್ನ ಅಭಿಪ್ರಾಯ, ಏಕೆಂದರೆ 90 ಅಂಕ ಬಂತೆಂದರೆ ನೂರಕ್ಕೆ ತೊಂಬತ್ತು ಸಲ ಅದೇ ವ್ಯಕ್ತಿ ಎಂದರ್ಥವಲ್ಲ. ಕೊನೆಗೆ 95ಕ್ಕಿಂತ ಹೆಚ್ಚಿದ್ದರೆ ಒಪ್ಪಿಗೆ, 80ರಿಂದ 95ರೊಳಗಿದ್ದರೆ ಮನುಷ್ಯರಿಂದ ಪರಿಶೀಲನೆ, ಅದಕ್ಕೂ ಕಡಿಮೆಯಿದ್ದರೆ ಮತ್ತೊಂದು ಸೆಲ್ಫಿ ಎಂದು ನಿಗದಿಪಡಿಸಿದೆ. ಕನ್ನಡಕ ಹಾಕಿದವರನ್ನೋ ಮಂದ ಬೆಳಕಿನಲ್ಲಿ ಕುಳಿತವರನ್ನೋ ಯಂತ್ರದ ಮಾತಿನ ಮೇಲೆ ಮಾತ್ರ ತಿರಸ್ಕರಿಸಲು ನನಗೆ ಮನಸ್ಸಾಗಲಿಲ್ಲ.

ಬಿಡುಗಡೆಗೆ ಮುನ್ನ ಸಹೋದ್ಯೋಗಿಯೊಬ್ಬರು ಬೇರೊಬ್ಬರ ಮುದ್ರಿತ ಫೋಟೊವನ್ನು ಕ್ಯಾಮೆರಾದ ಮುಂದೆ ಹಿಡಿದಾಗ ಆ್ಯಪ್ ಅದನ್ನೂ ಒಪ್ಪಿಕೊಂಡಿತು. ಕಂಪೇರ್‌ಫೇಸಸ್ ಎರಡು ಚಿತ್ರಗಳನ್ನು ಹೋಲಿಸುತ್ತದೆಯೇ ಹೊರತು, ಎದುರಿಗಿರುವುದು ಜೀವಂತ ಮುಖವೇ ಎಂಬುದನ್ನು ನೋಡುವುದಿಲ್ಲ. ಆ ಪರಿಶೀಲನೆಯನ್ನು ನಾನು ವಿನ್ಯಾಸ ಮಾಡುವಾಗಲೇ ಬಿಟ್ಟುಬಿಟ್ಟಿದ್ದೆ. ಬಿಡುಗಡೆಯನ್ನು ಮುಂದಕ್ಕೆ ಹಾಕಿ, ಹೋಲಿಕೆಗೂ ಮೊದಲು ಜೀವಂತಿಕೆಯ ಪರೀಕ್ಷೆಯನ್ನು ಸೇರಿಸಿದೆವು. ಫಲಿತಾಂಶ ಖಚಿತವಾದೊಡನೆ ಎರಡೂ ಚಿತ್ರಗಳು ನಮ್ಮ ಸರ್ವರ್‌ನಿಂದ ಅಳಿಸಿಹೋಗುತ್ತವೆ, ಮತ್ತು ಈ ಮಾತನ್ನು ಕ್ಯಾಮೆರಾ ತೆರೆಯುವ ಮೊದಲೇ ಬಳಕೆದಾರರಿಗೆ ತಿಳಿಸಿ ಒಪ್ಪಿಗೆ ಪಡೆಯುತ್ತೇವೆ.